ನೆಲಮಂಗಲದಲ್ಲಿ ಇಳಿದು ನೋಡಿ

ಬೆಂಗಳೂರಿನ ವಾಯವ್ಯಕ್ಕೆ ಸುಮಾರು 27 ಕಿಲೋಮೀಟರು ದೂರದಲ್ಲಿರುವ ನೆಲಮಂಗಲವು, ಅಲ್ಲಿ ಹುಟ್ಟಿ ಬೆಳೆದವರನ್ನು ಬಿಟ್ಟರೆ ಮಿಕ್ಕವರಿಗೆಲ್ಲ ಒಂದು ಊರಾಗಿ ಪರಿಚಿತವಾಗಿರುವುದಕ್ಕಿಂತ ಒಂದು ಅಡಚಣೆಯಾಗಿಯೇ ಹೆಚ್ಚು ಪರಿಚಿತ. ತುಮಕೂರು, ಹುಬ್ಬಳ್ಳಿ, ಪುಣೆಗಳ ಕಡೆಗೆ ನಡೆಯುವ ಹೆದ್ದಾರಿಯಿಂದ ಕುಣಿಗಲ್, ಹಾಸನ, ಮಂಗಳೂರುಗಳ ಕಡೆಗೆ ತಿರುಗುವ ಹೆದ್ದಾರಿಯು ಇಲ್ಲಿಯೇ ಕವಲೊಡೆಯುವುದರಿಂದ, ದಸರೆಯೋ ದೀಪಾವಳಿಯೋ ಬಂದು ಮೂರು ದಿನದ ರಜೆ ಕೂಡಿತೆಂದರೆ, ರಾಜಧಾನಿಯನ್ನು ಬಿಟ್ಟು ಹೊರಟವರು ಇಲ್ಲಿನ ಟೋಲ್‌ಗೇಟಿನ ಆಚೆಗೂ ಈಚೆಗೂ ಸಾಲುಗಟ್ಟಿ ನಿಂತು, ಎಂಜಿನ್ನಿನ ಜೊತೆಗೆ ತಾವೂ ಬಿಸಿಯಾಗಿ, ಕಡೆಗೆ ಹೇಗೋ ದಾರಿ ಬಿಟ್ಟಾಗ ಹಿಂತಿರುಗಿ ನೋಡದೆ ಸಕಲೇಶಪುರಕ್ಕೋ ಚಿಕ್ಕಮಗಳೂರಿಗೋ ಓಡುತ್ತಾರೆ. ಅವರು ಅಷ್ಟು ದೂರ ಅರಸಿಕೊಂಡು ಹೋಗುವುದಾದರೂ ಏನನ್ನು? ಒಂದು ಬೆಟ್ಟ, ಒಂದು ಹಳೆಯ ಗುಡಿ, ಒಂದು ಕೋಟೆ, ಸಾಧ್ಯವಾದರೆ ಒಂದೆರಡು ಶಾಸನ. ಈ ನಾಲ್ಕೂ ಇರುವ ತಾಲ್ಲೂಕನ್ನು ಶಪಿಸುತ್ತ ದಾಟಿಹೋಗುವುದು ನಮ್ಮ ಕಾಲದ ಪ್ರವಾಸಾಭಿರುಚಿಯ ಒಂದು ವಿಚಿತ್ರ.

ಹಾಗೆಂದು ನೆಲಮಂಗಲಕ್ಕೆ ಜನ ಬರಲಿ ಎಂದು ಡಂಗುರ ಸಾರುವುದಷ್ಟೇ ನನ್ನ ಉದ್ದೇಶವಲ್ಲ. ಶಿವಗಂಗೆಯ ಬೆಟ್ಟಕ್ಕೆ ಜನ ಬೇಕಾದಷ್ಟು ಬರುತ್ತಾರೆ. ಭಾನುವಾರಗಳಲ್ಲಿ ಬೇಕಾದುದಕ್ಕಿಂತ ಹೆಚ್ಚಾಗಿಯೇ ಬರುತ್ತಾರೆ. ಬಂದವರಿಗೆ ನಾವು ಏನನ್ನು ತೋರಿಸಿ, ಏನನ್ನು ಹೇಳಿ ಕಳುಹಿಸುತ್ತಿದ್ದೇವೆ ಎಂಬುದರಲ್ಲಿ ನನ್ನ ತಕರಾರಿದೆ.

ಪೇಟೆಗೆ ಹತ್ತಿಕೊಂಡೇ ಇರುವ ಬಿನ್ನಮಂಗಲದ ಮುಕ್ತಿನಾಥೇಶ್ವರ ದೇವಾಲಯದಿಂದ ಆರಂಭಿಸುವುದು ಯುಕ್ತ. ಬೇಲೂರು ಹಳೇಬೀಡುಗಳ ಕುಸುರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದವರಿಗೆ ಈ ಗುಡಿ ತುಸು ನಿರಾಶೆಯನ್ನು ಉಂಟುಮಾಡತಕ್ಕದ್ದೇ. ಇಲ್ಲಿಯದು ಅಲಂಕಾರಕ್ಕಿಂತ ಅಳತೆಯನ್ನು ನೆಚ್ಚಿದ ಚೋಳ ರೀತಿ. ಆದರೆ ಇಲ್ಲಿನ ಕಲ್ಲಿನ ಮೇಲೆ ತಮಿಳಿನಲ್ಲಿ ಕೊರೆದಿರುವ, ಕುಲೋತ್ತುಂಗ ಚೋಳನ ಕಾಲದ ಶಾಸನದ ವರ್ಷವನ್ನು ಗಮನಿಸಿರಿ: ಕ್ರಿ.ಶ. 1110. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಗಂಗವಾಡಿಯನ್ನು ಗೆದ್ದುಕೊಂಡ ಚೋಳರು ಒಂದು ನೂರು ವರ್ಷಕ್ಕೂ ಮಿಕ್ಕಿ ಈ ನೆಲವನ್ನು ಆಳಿ, ಇಲ್ಲಿನ ಊರುಗಳಿಗೆ ತಮ್ಮ ಹೆಸರುಗಳನ್ನಿಟ್ಟು, ಇಲ್ಲಿನ ದೇವರುಗಳಿಗೆ ತಮ್ಮ ನುಡಿಯಲ್ಲಿ ದತ್ತಿ ಬರೆಯಿಸಿದ್ದರು. ಈ ಶಾಸನವಾದ ಆರೇಳು ವರ್ಷಗಳಲ್ಲಿ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ತಲಕಾಡನ್ನು ಹಿಡಿದು ಚೋಳರ ಆಳ್ವಿಕೆಗೆ ಮಂಗಳ ಹಾಡಿದನು. ಇದಾಗಿ ಇಪ್ಪತ್ತು ವರ್ಷ ಕಳೆಯುವುದರೊಳಗೆ ಅದೇ ವಿಷ್ಣುವರ್ಧನನ ಪಟ್ಟದರಸಿ ಇದೇ ತಾಲ್ಲೂಕಿನ ಒಂದು ಬೆಟ್ಟದಲ್ಲಿ ಪ್ರಾಣ ಬಿಟ್ಟಳು. ಬಿನ್ನಮಂಗಲದ ಗುಡಿಯನ್ನು ಮೊದಲು ನೋಡಿ ಆಮೇಲೆ ಶಿವಗಂಗೆಯನ್ನು ಹತ್ತಿದವನಿಗೆ ಒಂದು ರಾಜ್ಯ ಮುಗಿದು ಇನ್ನೊಂದು ನೆಲೆಗೊಂಡ ಕಾಲವೆಲ್ಲ ಒಂದೇ ಹಗಲಿನಲ್ಲಿ ಕಣ್ಣಿಗೆ ಕಟ್ಟುತ್ತದೆ.

ಇದಕ್ಕೂ ಹಿಂದಿನದನ್ನು ಕಾಣಬೇಕೆಂಬವರು ತ್ಯಾಮಗೊಂಡ್ಲಿನ ದಾರಿ ಹಿಡಿದು ಮಣ್ಣೆಗೆ ಹೋಗಬೇಕು. ಇಂದು ರಾಗಿ ಹೊಲಗಳ ನಡುವೆ ಸದ್ದಿಲ್ಲದೆ ಇರುವ ಈ ಹಳ್ಳಿಯು ಎಂಟನೆಯ ಶತಮಾನದಲ್ಲಿ ಮಾನ್ಯಪುರವೆಂಬ ಹೆಸರಿನಿಂದ ಗಂಗರ ರಾಜವಸತಿಯಾಗಿತ್ತು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ರಾಜ್ಯಭಾರ ಮಾಡಿ, ಗಜಶಾಸ್ತ್ರವನ್ನೂ ರಚಿಸಿದನೆಂದು ಪ್ರಸಿದ್ಧನಾದ ಶ್ರೀಪುರುಷನ ಕಾಲದಲ್ಲಿ ಇಲ್ಲಿಂದಲೇ ನಿರೂಪಗಳು ಹೊರಡುತ್ತಿದ್ದುವು. ಇಲ್ಲಿ ದೊರೆತ 797ರ ತಾಮ್ರಪಟಗಳು ಗಂಗ ಮಾರಸಿಂಹನ ದಂಡನಾಯಕ ಶ್ರೀವಿಜಯನು ಮಾನ್ಯಪುರದಲ್ಲಿ ಜಿನಾಲಯವೊಂದನ್ನು ಕಟ್ಟಿಸಿದುದನ್ನು ಹೇಳಿದರೆ, ಐದೇ ವರ್ಷಗಳ ತರುವಾಯದ, ಅಂದರೆ 802ರ ತಾಮ್ರಪಟಗಳಲ್ಲಿ ಅಧಿಕಾರವೆಲ್ಲ ರಾಷ್ಟ್ರಕೂಟರ ಕೈಗೆ ಸಂದಿದೆ. ಈಗ ಉಳಿದಿರುವುದರಲ್ಲಿ ಮುಖ್ಯವಾದದ್ದು ಶಿಥಿಲವಾದ ಕಪಿಲೇಶ್ವರ ದೇವಾಲಯ. ಅದರ ಬಾಗಿಲುವಾಡದ ಮುಂದೆ ಹತ್ತು ನಿಮಿಷ ಸುಮ್ಮನೆ ಕುಳಿತುಕೊಳ್ಳಿ: ಪಟ್ಟಿಯ ಪಕ್ಕ ಪಟ್ಟಿಯಾಗಿ ಮೇಲೇರುವ ಬಳ್ಳಿಯ ಸುರುಳಿಗಳು, ಕಲ್ಲನ್ನೇ ತೂತು ಕೊರೆದು ಬೆಳಕಿಗೆ ದಾರಿ ಮಾಡಿದ ಜಾಲಂಧ್ರ. ಬೆಳಗಿನ ಓರೆಬಿಸಿಲಿನಲ್ಲಿ ನೋಡಿದರೆ ಉಳಿಯ ಗೆರೆಗಳು ಸ್ಫುಟವಾಗಿ ಕಾಣುತ್ತವೆ. ನಡುಹಗಲಿನಲ್ಲಿ ಎಲ್ಲವೂ ಒಂದೇ ಸಮನಾಗಿ ಬೆಳ್ಳಗೆ ತೋರುವುದರಿಂದ ಮಣ್ಣೆಗೆ ಬೆಳಗ್ಗೆಯೇ ಹೋಗತಕ್ಕದ್ದು. ಇಲ್ಲಿ ಹೋಟೆಲು, ಕಾಫಿ ಎಂದು ಹುಡುಕುವುದು ವ್ಯರ್ಥ. ತಿಂಡಿಯನ್ನು ನೆಲಮಂಗಲದಲ್ಲೋ ತ್ಯಾಮಗೊಂಡ್ಲಿನಲ್ಲೋ ಮುಗಿಸಿಕೊಂಡು ಹೊರಡಿ.

ಇನ್ನು ಶಿವಗಂಗೆ. ಡಾಬ್ಸ್ ಎಂಬ ಆಂಗ್ಲ ಅಧಿಕಾರಿಯ ಹೆಸರನ್ನು ಇಂದಿಗೂ ಹೊತ್ತಿರುವ ದಾಬಸ್‌ಪೇಟೆಯಲ್ಲಿ ತುಮಕೂರಿನ ಹೆದ್ದಾರಿಯನ್ನು ಬಿಟ್ಟು ಎಡಕ್ಕೆ ತಿರುಗಿದೊಡನೆ ಎದುರಾಗುವ, ಸಮುದ್ರಮಟ್ಟದಿಂದ ನಾಲ್ಕೂವರೆ ಸಾವಿರ ಅಡಿಯಷ್ಟು ಎತ್ತರದ ಈ ಏಕಶಿಲೆಯ ರಾಶಿಯು, ಪೂರ್ವದಿಂದ ನಂದಿಯಂತೆ, ಪಶ್ಚಿಮದಿಂದ ಗಣಪತಿಯಂತೆ, ದಕ್ಷಿಣದಿಂದ ಲಿಂಗದಂತೆ, ಉತ್ತರದಿಂದ ಹೆಡೆಯೆತ್ತಿದ ಸರ್ಪದಂತೆ ಕಾಣುವುದೆಂದು ಹಿಂದಿನಿಂದ ಹೇಳಿಕೊಂಡು ಬಂದಿದ್ದಾರೆ. ನಾಲ್ಕೂ ರೂಪಗಳು ಎಲ್ಲರಿಗೂ ಕಾಣುವುದುಂಟೋ ಇಲ್ಲವೋ, ಬೆಟ್ಟವನ್ನು ಒಂದು ಸುತ್ತು ಬಳಸಿ ನೋಡಲು ಇದೊಂದು ಒಳ್ಳೆಯ ನೆಪ. ಕೆಳಗಿನ ಗವಿಯಲ್ಲಿ ಗಂಗಾಧರೇಶ್ವರ, ಇನ್ನೊಂದು ಗವಿಯಲ್ಲಿ ಹೊನ್ನಾದೇವಿ. ಇವರಿಬ್ಬರ ಕಲ್ಯಾಣವು ಮಕರಸಂಕ್ರಾಂತಿಯಂದು, ಬೆಟ್ಟದ ತುದಿಯ ತೀರ್ಥದ ಕಂಬದ ಬಳಿ ಅಂದು ಜಿನುಗುವುದೆಂದು ನಂಬಲಾದ ನೀರನ್ನು ತಂದು ನಡೆಯುತ್ತದೆ. ಶೃಂಗೇರಿಯ ಪರಂಪರೆಯ ಮಠವೂ ವೀರಶೈವರ ಮೇಲಣಗವಿ ಮಠವೂ ಒಂದೇ ಬೆಟ್ಟವನ್ನು ಆಶ್ರಯಿಸಿವೆ. ಬೆಂಗಳೂರನ್ನು ಕಟ್ಟಿದ ಕೆಂಪೇಗೌಡನ ಲೋಹದ ಪ್ರತಿಮೆಯೂ ಗಂಗಾಧರೇಶ್ವರನ ಸನ್ನಿಧಿಯಲ್ಲಿದೆ. ಲಿಂಗಕ್ಕೆ ಸವರಿದ ತುಪ್ಪವು ಬೆಣ್ಣೆಯಾಗುವ ವಿಷಯದಲ್ಲಿ ಅರ್ಚಕರೊಡನೆ ವಾದಕ್ಕೆ ನಿಲ್ಲುವವರು ಉಂಟು. ನನಗೆ ಆ ವಾದದಲ್ಲಿ ರುಚಿಯಿಲ್ಲ.

ಮೇಲೇರುವ ದಾರಿಯಲ್ಲಿ ಒಳಕಲ್ಲು ತೀರ್ಥವಿದೆ. ಬಂಡೆಯಲ್ಲಿ ಒರಳಿನ ಬಾಯಗಲದ ಒಂದು ಕುಳಿ. ಮಂಡಿಯೂರಿ, ಕೆನ್ನೆಯನ್ನು ಕಲ್ಲಿಗೆ ಒತ್ತಿ, ತೋಳನ್ನು ಹೆಗಲವರೆಗೂ ಇಳಿಬಿಟ್ಟು ಬೆರಳುಗಳಿಂದ ತಡಕಬೇಕು. ನೀರು ಸಿಕ್ಕಿದವರು ಪುಣ್ಯವಂತರೆಂಬುದು ನಂಬಿಕೆ. ಆರಡಿಯ ಆಳೊಬ್ಬ ಬರಿಗೈಯಲ್ಲಿ ಎದ್ದು, ಅವನ ಹಿಂದೆಯೇ ನಿಂತಿದ್ದ ಪುಟ್ಟ ಹುಡುಗಿಯ ಬೆರಳಿನಿಂದ ಹನಿ ತೊಟ್ಟಿಕ್ಕಿದಾಗ ಸರತಿಯಲ್ಲಿ ಏಳುವ ನಗೆಯಲ್ಲಿ ಭಕ್ತಿಯೂ ಇದೆ, ವಿನೋದವೂ ಇದೆ.

ತುದಿಯನ್ನು ತಲುಪಿದವರನ್ನು ಎಲ್ಲರೂ ಕರೆದೊಯ್ಯುವುದು ಮಾತ್ರ ಒಂದು ಪ್ರಪಾತದ ಅಂಚಿಗೆ. ಮಕ್ಕಳಿಲ್ಲದ ಕೊರಗಿನಿಂದ ವಿಷ್ಣುವರ್ಧನನ ಪಟ್ಟದರಸಿ ಶಾಂತಲೆ ಇಲ್ಲಿಂದ ಕೆಳಕ್ಕೆ ಹಾರಿದಳೆಂದು ಹೇಳಿ, ‘ಶಾಂತಲಾ ಡ್ರಾಪ್’ ಎಂಬ ಹೆಸರನ್ನೂ ಆ ಜಾಗಕ್ಕೆ ಕೊಟ್ಟಿದ್ದಾರೆ. ಬಂದವರು ಕೆಳಕ್ಕೆ ಇಣುಕಿ, ಮೈ ಜುಮ್ಮೆನಿಸಿಕೊಂಡು, ಒಂದು ಫೋಟೋ ತೆಗೆದುಕೊಂಡು ಇಳಿಯುತ್ತಾರೆ. ಇಲ್ಲಿಯೇ ನನಗೆ ಅಸಮಾಧಾನ. ಶಾಂತಲೆಯ ಮರಣದ ವಿಷಯದಲ್ಲಿ ನಮಗೆ ದಾಖಲೆ ಇಲ್ಲದಿಲ್ಲ. ಅದು ಶ್ರವಣಬೆಳಗೊಳದಲ್ಲಿ, ಅವಳೇ ಕಟ್ಟಿಸಿದ ಸವತಿಗಂಧವಾರಣ ಬಸದಿಯ ಬಳಿಯ ಶಾಸನದಲ್ಲಿದೆ. ಶಕವರ್ಷ 1053ರ, ಅಂದರೆ ಕ್ರಿ.ಶ. 1131ರ, ಚೈತ್ರ ಶುದ್ಧ ಪಂಚಮಿ ಸೋಮವಾರ ಅವಳು ಶಿವಗಂಗೆಯ ತೀರ್ಥದಲ್ಲಿ ಮುಡಿಪಿ ಸ್ವರ್ಗಸ್ಥಳಾದಳೆಂದು ಅದು ಹೇಳುತ್ತದೆ. ಮಗಳ ಅಗಲಿಕೆಯನ್ನು ತಾಳಲಾರದೆ ತಾಯಿ ಮಾಚಿಕಬ್ಬೆಯು ಬೆಳಗೊಳಕ್ಕೆ ಬಂದು, ಅನಶನವ್ರತವನ್ನು ಕೈಗೊಂಡು ದೇಹವನ್ನು ಬಿಟ್ಟುದನ್ನೂ ಹೇಳುತ್ತದೆ. ಪ್ರಪಾತದ ಮಾತಾಗಲಿ ಬಂಜೆತನದ ಕೊರಗಾಗಲಿ ಆ ಶಾಸನದಲ್ಲಿಲ್ಲ. ಜೈನಧರ್ಮವನ್ನು ಕಡೆಯವರೆಗೂ ಬಿಡದೆ ಪಾಲಿಸಿದ ಅರಸಿಯು ಸಲ್ಲೇಖನದಿಂದ ದೇಹತ್ಯಾಗ ಮಾಡಿರಬಹುದೆಂದು ಊಹಿಸುವವರಿದ್ದಾರೆ. ಅದೂ ಊಹೆಯೇ ಸರಿ.

ಐತಿಹ್ಯವನ್ನು ಅಳಿಸಿಹಾಕಬೇಕೆಂದು ನಾನು ಹೇಳುತ್ತಿಲ್ಲ. ಜನ ತಾವು ಪ್ರೀತಿಸಿದ ಅರಸಿಗೆ ಒಂದು ದೊಡ್ಡ ದುಃಖವನ್ನು ಕಲ್ಪಿಸಿಕೊಟ್ಟದ್ದೂ ಒಂದು ಬಗೆಯ ಗೌರವವೇ. ಕೆ.ವಿ. ಅಯ್ಯರ್ ಅವರ ‘ಶಾಂತಲಾ’, ಸಿ.ಕೆ. ನಾಗರಾಜರಾಯರ ‘ಪಟ್ಟಮಹಾದೇವಿ ಶಾಂತಲದೇವಿ’ ಅವಳನ್ನು ಕನ್ನಡದ ಮನೆಮನೆಗೆ ತಂದವು. ಕಾದಂಬರಿಕಾರರಿಗೆ ಆ ಸ್ವಾತಂತ್ರ್ಯ ಸಲ್ಲತಕ್ಕದ್ದೇ. ಆದರೆ ನಾಟ್ಯ ಸಂಗೀತಗಳಲ್ಲಿ ಹೆಸರಾಗಿ, 1117ರಲ್ಲಿ ಬೇಲೂರಿನಲ್ಲಿ ಕಪ್ಪೆ ಚನ್ನಿಗರಾಯನ ಗುಡಿಯನ್ನೂ 1123ರಲ್ಲಿ ಬೆಳಗೊಳದಲ್ಲಿ ಬಸದಿಯನ್ನೂ ನಿಲ್ಲಿಸಿ, ಶೈವನಾದ ತಂದೆ, ಜೈನಳಾದ ತಾಯಿ, ವೈಷ್ಣವನೆಂದು ಪ್ರಖ್ಯಾತನಾದ ಗಂಡ ಇವರೆಲ್ಲರ ನಡುವೆ ತನ್ನ ದಾರಿಯಲ್ಲಿ ತಾನು ನಡೆದ ಹೆಂಗಸೊಬ್ಬಳ ಜೀವನವೆಲ್ಲ ಒಂದು ಜಿಗಿತದಲ್ಲಿ ಮುಗಿದುಹೋಗುವಂತೆ ಹೇಳುವುದು, ಅದನ್ನೂ ಇಂಗ್ಲಿಷಿನ ಪದವೊಂದನ್ನು ಸೇರಿಸಿ ಜಾಹೀರಾತಿನಂತೆ ಹೇಳುವುದು, ಅವಳಿಗೂ ನ್ಯಾಯವಲ್ಲ, ಬೆಟ್ಟಕ್ಕೂ ನ್ಯಾಯವಲ್ಲ. ಕಥೆ ಇರಲಿ, ಪಕ್ಕದಲ್ಲಿ ಶಾಸನದ ಒಕ್ಕಣೆಯೂ ಇರಲಿ. ಕುತೂಹಲವುಳ್ಳವರು ಮೂಲವನ್ನೇ ಹೋಗಿ ನೋಡಬಹುದು: 2017ರಲ್ಲಿ ಪೂರ್ತಿಯಾದ ಹಾಸನದ ರೈಲುದಾರಿಯು ನೆಲಮಂಗಲದಿಂದಲೇ ಕುಣಿಗಲ್ ಮೂಲಕ ಶ್ರವಣಬೆಳಗೊಳಕ್ಕೆ ಹೋಗುತ್ತದೆ.

ಹತ್ತುವವರಿಗೆ ನಾಲ್ಕು ಮಾತು. ಬಿಸಿಲೇರುವ ಮುನ್ನ ಆರಂಭಿಸಿ. ಹತ್ತು ಹನ್ನೊಂದು ಗಂಟೆಯ ಹೊತ್ತಿಗೆ ಬೋಳುಬಂಡೆ ಕಾಯಲು ತೊಡಗುತ್ತದೆ, ಮೇಲಿನ ಭಾಗದಲ್ಲಿ ನೆರಳೆಂಬುದು ದುರ್ಲಭ. ಹತ್ತಿ ಇಳಿಯಲು ಮೂರು ನಾಲ್ಕು ಗಂಟೆ ಬಿಡುವಿಟ್ಟುಕೊಳ್ಳಿ. ಕೊನೆಯ ಏರಿನಲ್ಲಿ ಬಂಡೆಯಲ್ಲೇ ಕಡಿದ ಕಿರಿದಾದ ಮೆಟ್ಟಿಲುಗಳು, ಹಿಡಿಯಲು ಕಬ್ಬಿಣದ ಕಂಬಿ. ಮಳೆಗಾಲದಲ್ಲಿ ಅಲ್ಲಿ ಪಾಚಿ ಜಾರುತ್ತದೆ, ಆದ್ದರಿಂದ ವಯಸ್ಸಾದವರು ಒಳಕಲ್ಲು ತೀರ್ಥದವರೆಗೆ ಬಂದು ಕುಳಿತರೆ ಏನೂ ಕಳೆದುಕೊಂಡಂತಾಗದು. ತುದಿಯಲ್ಲಿ ಒಂದೇ ಬಂಡೆಯಲ್ಲಿ ಕಡೆದ ನಂದಿಯಿದೆ, ಅದರ ಸುತ್ತ ಪ್ರದಕ್ಷಿಣೆಗೆ ಒಬ್ಬರು ನಡೆಯುವಷ್ಟೇ ಜಾಗ; ಅಲ್ಲಿ ಮೊಬೈಲನ್ನು ಜೇಬಿನಲ್ಲಿಟ್ಟು ಎರಡೂ ಕೈಯಿಂದ ಕಂಬಿ ಹಿಡಿಯುವುದು ಜಾಣತನ. ಕೋತಿಗಳ ವಿಷಯ ಹೇಳದಿದ್ದರೆ ಈ ಲೇಖನ ಅಪೂರ್ಣ: ಪ್ಲಾಸ್ಟಿಕ್ ಚೀಲದ ಸರಪರ ಸದ್ದೊಂದು ಸಾಕು, ಹಿಂದಿನಿಂದ ಬಂದು, ಚೀಲದ ತಳವನ್ನು ಹರಿದು, ಬಾಳೆಹಣ್ಣನ್ನು ಆಯ್ದುಕೊಂಡು, ಹೂವನ್ನೂ ಕಾಯನ್ನೂ ಭಕ್ತರಿಗೇ ಬಿಟ್ಟು ಹೋಗುತ್ತವೆ. ತಿನ್ನುವ ಪದಾರ್ಥವನ್ನು ಮುಚ್ಚಿದ ಬಟ್ಟೆಯ ಚೀಲದಲ್ಲಿ ಇಟ್ಟುಕೊಳ್ಳಿ.

ಕಾರಿಲ್ಲದವರು ಹಿಂಜರಿಯಬೇಕಿಲ್ಲ. 2024ರ ನವೆಂಬರಿನಲ್ಲಿ ಮೆಟ್ರೋ ಮಾದಾವರದವರೆಗೆ ಬಂದಿರುವುದರಿಂದ ನಗರದೊಳಗಿನ ನೂಕುನುಗ್ಗಲನ್ನು ಅಷ್ಟರಮಟ್ಟಿಗೆ ತಪ್ಪಿಸಿಕೊಂಡು, ಅಲ್ಲಿಂದ ಬಸ್ಸಿನಲ್ಲಿ ನೆಲಮಂಗಲಕ್ಕೂ, ತುಮಕೂರಿನ ಬಸ್ಸಿನಲ್ಲಿ ದಾಬಸ್‌ಪೇಟೆಗೂ ಹೋಗಬಹುದು. ಬೆಟ್ಟದ ಬುಡಕ್ಕೆ ಆಟೋ ಸಿಗುತ್ತದೆ. ಕಾರಿನವರು ಭಾನುವಾರ ಸಂಜೆ ಹಿಂತಿರುಗುವಾಗ ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರದ ರಸ್ತೆಯನ್ನು ಹಿಡಿದರೆ ದಾರಿ ಉದ್ದವಾದರೂ ಮನಸ್ಸಿಗೆ ನೆಮ್ಮದಿ.

ದಾಬಸ್‌ಪೇಟೆಯ ನೆರೆಯ ನಿಜಗಲ್ಲು ದುರ್ಗವನ್ನು ಹೆದ್ದಾರಿಯಿಂದಲೇ ಕಾಣಬಹುದು. 1770ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯ ಈ ಕೋಟೆಯನ್ನು ಮುತ್ತಿದಾಗ, ಹೈದರನ ಪಾಳೆಯದವರು ಜಗ್ಗದೆ ಕುಳಿತಿರಲು, ಚಿತ್ರದುರ್ಗದ ಮದಕರಿನಾಯಕನ ಬೇಡಪಡೆಯು ಲಗ್ಗೆಯಿಟ್ಟು ಅದನ್ನು ಗೆದ್ದುಕೊಟ್ಟಿತು. ಒಂಬತ್ತು ವರ್ಷದ ಮೇಲೆ ಅದೇ ಮದಕರಿಯ ದುರ್ಗವು ಹೈದರನ ವಶವಾಯಿತು. ತ.ರಾ.ಸು. ಅವರ ‘ದುರ್ಗಾಸ್ತಮಾನ’ವನ್ನು ಓದಿದವರು ಇಲ್ಲಿ ವಾಹನ ನಿಲ್ಲಿಸದೆ ಹೋಗುವುದು ನನಗೆ ಅರ್ಥವಾಗದ ಸಂಗತಿ.

ಶಿವಗಂಗೆಯ ಬಂಡೆಯಿಂದ ಇಳಿದ ಮಳೆನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಪ್ರವಾಸಿಗೆ ತಿಳಿಸಬೇಕು. ಕುಮುದ್ವತಿ ಹುಟ್ಟುವುದು ಈ ಬೆಟ್ಟದ ಸಾಲಿನಲ್ಲಿ. ಅದು ಅರ್ಕಾವತಿಯನ್ನು ಕೂಡುವ ಸಂಗಮದಲ್ಲಿಯೇ 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವನ್ನು ಕಟ್ಟಿ, ಕಾವೇರಿ ಬರುವುದಕ್ಕೆ ಬಹಳ ಮುಂಚೆ, ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟರು. ಬೆಂಗಳೂರಿನಿಂದ ಬಂದು ಮೆಟ್ಟಿಲಿನ ಪಕ್ಕದ ಪೊದೆಗೆ ಖಾಲಿ ಬಾಟಲಿಯನ್ನು ಎಸೆಯುವವನು ತನ್ನ ಅಜ್ಜ ಕುಡಿದ ನೀರಿನ ಮೂಲಕ್ಕೇ ಅದನ್ನು ಎಸೆಯುತ್ತಿದ್ದಾನೆ.

ಇಷ್ಟಕ್ಕೂ ಇಲ್ಲಿ ಬೇಕಾಗಿರುವುದು ಸ್ವಾಗತದ ಕಮಾನುಗಳೂ ಬಣ್ಣದ ದೀಪಗಳೂ ಅಲ್ಲ. ಬಿನ್ನಮಂಗಲದ ಗುಡಿಯ ಮುಂದೆ, ಮಣ್ಣೆಯ ಕಪಿಲೇಶ್ವರನ ಎದುರಿಗೆ, ನಿಜಗಲ್ಲಿನ ಬುಡದಲ್ಲಿ, ಶಿವಗಂಗೆಯ ಆ ಅಂಚಿನಲ್ಲಿ, ನಿಂತವರ ಕಣ್ಣಿಗೆ ನೇರವಾಗಿ ಬೀಳುವಂತೆ ಒಂದೊಂದು ಕಲ್ಲಿನ ಫಲಕ. ಹೆದ್ದಾರಿಯ ಹಸಿರು ಹಲಗೆಗಳಲ್ಲಿ ಪುಣೆ ಮಂಗಳೂರುಗಳ ಕೆಳಗೆ ಮಣ್ಣೆಗೂ ಒಂದು ಬಾಣದ ಗುರುತು. ಬೆಳಗ್ಗೆ ಹೊರಟು ಈ ನಾಲ್ಕನ್ನೂ ತಾಗಿ ಸಂಜೆಗೆ ಮರಳುವ ಒಂದು ಬಸ್ಸು. ಫಲಕದ ಬರಹಕ್ಕೆ ಹೊರಗಿನ ಪಂಡಿತರನ್ನು ಹುಡುಕಬೇಕಾಗಿಲ್ಲ: ಈ ತಾಲ್ಲೂಕಿನ ಶಾಸನಗಳನ್ನು ಬಿ.ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟದಲ್ಲಿ 1905ರಲ್ಲಿಯೇ ಅಚ್ಚುಮಾಡಿಸಿದ್ದಾರೆ, ಅದನ್ನು ಓದಬಲ್ಲ ಕನ್ನಡ ಮೇಷ್ಟರುಗಳಿಗೆ ನೆಲಮಂಗಲದಲ್ಲಿ ಬರವಿಲ್ಲ. ನಾಲ್ಕು ಸಾಲು ಸಾಕು, ಯಾರು, ಯಾವಾಗ, ನಮಗೆ ತಿಳಿದದ್ದು ಹೇಗೆ ಎಂಬಿಷ್ಟು ಅದರಲ್ಲಿದ್ದರೆ.