ಭಂಗಿಯ ಬೆಳೆಗೆ ಪರವಾನೆ

ಭಂಗಿಗಿಡವನ್ನು ಔಷಧಕ್ಕೂ ಉದ್ಯಮಕ್ಕೂ ಬೆಳೆಯಗೊಡಬೇಕೆಂಬ ಠರಾವನ್ನು ಹಿಮಾಚಲ ಪ್ರದೇಶದ ವಿಧಾನಸಭೆಯು 2024ರಲ್ಲಿ ಅಂಗೀಕರಿಸಿತು. ಉತ್ತರಾಖಂಡವಾದರೋ ನಾರಿನ ಭಂಗಿಗೆ 2018ರಲ್ಲಿಯೇ ಪರವಾನೆ ಕೊಟ್ಟಿತ್ತು. ಹಿಮಾಲಯದ ಈ ವಾರ್ತೆಗೂ ರೋಣ, ನರಗುಂದ, ಗಜೇಂದ್ರಗಡಗಳ ಎರೆಹೊಲಕ್ಕೂ ಏನು ಸಂಬಂಧವೆಂದು ಕೇಳುವವರುಂಟು. ನಮ್ಮ ಮತದಲ್ಲಿ ಸಂಬಂಧವು ಬಹಳವಿದೆ.

1985ರ ಮಾದಕದ್ರವ್ಯಗಳ ಕಾಯದೆಯನ್ನು ಓದಿದವರಿಗೆ ಒಂದು ವಿಚಿತ್ರವು ಕಾಣದೆ ಇರದು. ಹೂವಿನ ತೆನೆಯು ಗಾಂಜಾ, ಅಂಟು ಚರಸ. ತೆನೆ ಕೂಡಿರದ ಬರಿಯ ಎಲೆ ಮತ್ತು ಬೀಜ ಗಾಂಜಾ ಅಲ್ಲ. ಭಂಗಿಯು ಈ ಕಾಯದೆಯೊಳಗೆ ಬಾರದೆಂದು ನಮ್ಮ ಉಚ್ಚ ನ್ಯಾಯಾಲಯವೂ 2022ರಲ್ಲಿ ಜಾಮೀನಿನ ಪ್ರಕರಣವೊಂದರಲ್ಲಿ ಹೇಳಿತು. ಆದರೆ ಪರವಾನೆಯಿಲ್ಲದೆ ಗಿಡವನ್ನು ಬೆಳೆದವನಿಗೆ ಹತ್ತು ವರುಷಗಳವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿಗಳವರೆಗೆ ದಂಡ! ಎಲೆ ನಿರ್ದೋಷಿ, ಎಲೆಯನ್ನು ಹೊತ್ತ ಗಿಡ ಅಪರಾಧಿ. ಅದೇ ಕಾಯದೆಯ 10 ಮತ್ತು 14ನೆಯ ಕಲಮುಗಳು ಸಾಗುವಳಿಗೆ, ಅದರಲ್ಲಿಯೂ ನಾರು-ಬೀಜಗಳ ಸಾಗುವಳಿಗೆ, ಅನುಮತಿ ಕೊಡುವ ದಾರಿಯನ್ನು ತೆರೆದಿಟ್ಟಿವೆ.

ಅಮಲಿನ ಚಟವನ್ನು ನಾವು ಸಮರ್ಥಿಸುವವರಲ್ಲ. ನಾವು ಹೇಳುವುದು ನಾರಿನ ಮಾತು. ಪುಂಡಿಯ ನಾರಿನಿಂದ ಹಗ್ಗ-ಮಿಣಿ ಹೊಸೆದ ನಾಡಿಗೆ ಈ ಕಸಬು ಹೊಸದಲ್ಲ. (ಪುಂಡಿಗೆ ಆಂಗ್ಲರು ‘ಡೆಕ್ಕನ್ ಹೆಂಪ್’ ಎಂದು ಹೆಸರಿಟ್ಟರು, ಭಂಗಿಗೂ ಅದಕ್ಕೂ ಕುಲಸಂಬಂಧವಿಲ್ಲ. ಕೆಲವು ಅಧಿಕಾರಿಗಳು ಇದನ್ನು ತಿಳಿದರೆ ಒಳಿತು.)

ಪರವಾನೆಯು ಯಾರ ಕೈಗೆ ಹೋಗುವುದೆಂಬುದೇ ನಮ್ಮ ಚಿಂತೆ. 1893ರಲ್ಲಿ ನೇಮಕವಾದ ಆಯೋಗವು ಈ ಗಿಡದ ವಿಚಾರವನ್ನು ಕೂಲಂಕಷವಾಗಿ ಮಾಡಿ, ಸಂಪೂರ್ಣ ನಿಷೇಧವು ಬೇಡ, ಪರವಾನೆ ಮತ್ತು ತೆರಿಗೆಗಳಿಂದ ಹತೋಟಿಯಲ್ಲಿಡಬೇಕೆಂದು ಸಲಹೆಯಿತ್ತಿತು. ಸಲಹೆಯೇನೋ ಸಮಂಜಸವೇ. ಆದರೆ ಅಬಕಾರಿಯ ಲೀಲಾವಿನಲ್ಲಿ ಬೊಕ್ಕಸವೂ ಗುತ್ತಿಗೆದಾರನೂ ಕೊಬ್ಬಿದರೇ ಹೊರತು ಒಕ್ಕಲಿಗನಿಗೆ ದಕ್ಕಿದ್ದೇನು? ಇನ್ನು, ಒಕ್ಕಲಿಗನನ್ನು ಕೇಳದೆ ನಿಯಮ ಮಾಡಿದರೆ ಏನಾಗುವುದೆಂಬುದನ್ನು 1980ರಲ್ಲಿ ನರಗುಂದವು ಕಂಡಿದೆ. ಮಲಪ್ರಭೆಯ ಕಾಲುವೆಯ ಕರವನ್ನು ಕೇಳಹೋದ ಸರಕಾರವು ಗೋಳೀಬಾರಿನಲ್ಲಿ ಆ ಪ್ರಕರಣವನ್ನು ಮುಗಿಸಿತು.

ಇಲ್ಲಿ ಅಪಾಯವು ಇನ್ನೂ ಸೂಕ್ಷ್ಮವಾದುದು. ಉತ್ತರಾಖಂಡದ ನಿಯಮದಂತೆ ಗಿಡದ ಮಾದಕಾಂಶವು ನೂರಕ್ಕೆ 0.3ನ್ನು ಮೀರಕೂಡದು. ಇದು ತಳಿಯನ್ನು ಅವಲಂಬಿಸಿದ್ದು. ಬಿತ್ತುವವನ ಕಣ್ಣಿಗೆ ಕಾಣುವಂಥದಲ್ಲ. ಬೀಜ ಮಾರಿದವನು ಹಣ ಎಣಿಸಿಕೊಂಡು ಹೋಗುವನು, ಪೋಲೀಸರು ಬರುವುದು ಹೊಲದವನ ಮನೆಗೆ. ಆದುದರಿಂದ ಧಾರವಾಡದ ಕೃಷಿ ವಿಶ್ವವಿದ್ಯಾಲಯವು ಮೊದಲು ತಳಿಯನ್ನು ನಮ್ಮ ಎರೆಯಲ್ಲಿಯೇ ಬೆಳೆದು ಪರೀಕ್ಷಿಸಲಿ. ಪರವಾನೆಯು ಲೀಲಾವಿಗೆ ಬೀಳದೆ ಸಹಕಾರ ಸಂಘಗಳ ಮೂಲಕ ಸಣ್ಣ ಹಿಡುವಳಿದಾರರಿಗೆ ಸಿಕ್ಕಲಿ. 1905ರಲ್ಲಿಯೇ ಕಣಗಿನಹಾಳದಲ್ಲಿ ಸಂಘ ಕಟ್ಟಿದ ಜಿಲ್ಲೆಗೆ ಇದು ಅಸಾಧ್ಯವಲ್ಲ. ಪ್ರಮಾಣಿತ ಬೀಜವನ್ನು ಬಿತ್ತಿಯೂ ಅಂಶವು ಮೀರಿದರೆ ಬೆಳೆಯನ್ನು ಸುಡಲಿ, ಬೆಳೆದವನ ಮೇಲೆ ಖಟ್ಲೆ ಹೂಡದಿರಲಿ. ಈ ಶರತ್ತನ್ನು ಪರವಾನೆಯಲ್ಲಿಯೇ ಬರೆಯತಕ್ಕದ್ದು, ದಿಲ್ಲಿಯಿಂದ ತಿದ್ದುಪಡಿ ಬೇಕಾದರೆ ಕೇಳತಕ್ಕದ್ದು. ಬೆಳಗಾವಿಯ ಅಧಿವೇಶನದಲ್ಲಿ ಗದಗ ಜಿಲ್ಲೆಯ ಶಾಸಕರು ಈ ಪ್ರಶ್ನೆಯನ್ನು ಎತ್ತುವರೆಂದು ನಾವು ನಿರೀಕ್ಷಿಸುತ್ತೇವೆ.