ತಾಟೆ ತಿಂದರೆ ಬಾಣಂತಿಗೆ ಎದೆಹಾಲು ಹೆಚ್ಚುತ್ತದೆಯೇ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಿಗೆ ಕಡಲ ತೀರವಿಲ್ಲ. ಆದರೂ ಮಂಗಳೂರಿನ ದಕ್ಕೆಯಿಂದ ಬರುವ ಮೀನಿನ ಜೊತೆ ತಾಟೆಯೂ, ಅಂದರೆ ಸಣ್ಣ ಶಾರ್ಕ್ ಕೂಡ, ಇಲ್ಲಿನ ಅಡುಗೆಮನೆ ಸೇರುತ್ತದೆ. ಬಾಣಂತಿಗೆ ತಾಟೆ ಕೊಟ್ಟರೆ ಹಾಲು ಹೆಚ್ಚುತ್ತದೆ ಎಂಬುದು ನಮ್ಮ ಹಳೆಯ ನಂಬಿಕೆ. ಭಾರತದ ಇಂಥ ನಂಬಿಕೆಯಿಂದಲೇ ಒಂದು ಜಾತಿಗೆ ‘ಮಿಲ್ಕ್ ಶಾರ್ಕ್’ ಎಂಬ ಹೆಸರು ಬಂದಿದೆ.

ವಾಸ್ತವವೇನು? ಎದೆಹಾಲು ಉತ್ಪತ್ತಿಗೆ ಮುಖ್ಯ ಕಾರಣ ಪ್ರೊಲ್ಯಾಕ್ಟಿನ್ ಹಾರ್ಮೋನು. ಮಗು ಎಷ್ಟು ಬಾರಿ ಚೀಪುತ್ತದೋ ಅಷ್ಟು ಹಾಲು ಬರುತ್ತದೆ. ತಾಟೆಯಲ್ಲಿ ಪ್ರೋಟೀನ್ ಇರುವುದು ನಿಜ, ಆದರೆ ಬೂತಾಯಿ, ಬಂಗುಡೆಯಲ್ಲೂ ಅದಿದೆ.

ಅಪಾಯ ಇರುವುದು ಪಾದರಸದಲ್ಲಿ. ಸಣ್ಣ ಮೀನುಗಳಲ್ಲಿರುವ ಪಾದರಸ ಅವನ್ನು ತಿಂದ ಶಾರ್ಕಿನ ಮಾಂಸದಲ್ಲಿ ವರ್ಷಗಟ್ಟಲೆ ಶೇಖರವಾಗುತ್ತದೆ. ಅದು ಮಗುವಿನ ಮೆದುಳಿನ ಬೆಳವಣಿಗೆಗೆ ಒಳ್ಳೆಯದಲ್ಲ. ಹಾಗಾಗಿ ಗರ್ಭಿಣಿಯರು, ಹಾಲೂಡಿಸುವವರು ಶಾರ್ಕ್ ತಿನ್ನಬಾರದೆಂದು ಅಮೆರಿಕದ ಎಫ್‌ಡಿಎ ಹೇಳುತ್ತದೆ. ಬೂತಾಯಿಯಂಥ ಸಣ್ಣ ಮೀನುಗಳಲ್ಲಿ ಪಾದರಸ ಕಡಿಮೆ.

ಕಡಲಿಗೂ ಇದು ಮುಖ್ಯ. ಬೂತಾಯಿ ಸಾವಿರಾರು ಮೊಟ್ಟೆ ಇಡುತ್ತದೆ. ಮಿಲ್ಕ್ ಶಾರ್ಕ್ ಸುಮಾರು ಒಂದು ವರ್ಷ ಗರ್ಭ ಹೊತ್ತು 1ರಿಂದ 8 ಮರಿಗಳನ್ನಷ್ಟೇ ಹಾಕುತ್ತದೆ. ಹಿಡಿದಷ್ಟು ಬೇಗ ಅವು ಮತ್ತೆ ಹುಟ್ಟುವುದಿಲ್ಲ. ಜಗತ್ತಿನ ತೆರೆದ ಸಾಗರಗಳ ಶಾರ್ಕ್ ಮತ್ತು ತೊರಕೆಗಳ ಸಂಖ್ಯೆ 1970ರಿಂದ 2018ರ ನಡುವೆ ಶೇ. 71ರಷ್ಟು ಕುಸಿದಿದೆ. ಬೇಟೆಗಾರ ಶಾರ್ಕುಗಳು ಕಡಿಮೆಯಾದರೆ ಅವು ಹತೋಟಿಯಲ್ಲಿಟ್ಟ ಜೀವಿಗಳ ಲೆಕ್ಕವೇ ತಪ್ಪುತ್ತದೆ.

ಹಾಲು ಸಾಲದೆನಿಸಿದರೆ ಮಗುವಿಗೆ ಮತ್ತೆಮತ್ತೆ ಹಾಲೂಡಿಸಿ, ವೈದ್ಯರನ್ನು ಕೇಳಿ. ಬಾಣಂತಿಯ ಬಟ್ಟಲಿಗೆ ತಾಟೆ ಬೇಡ, ಬೂತಾಯಿ ಸಾಕು.