ತೋಟದ ಮನೆಯ ಅಭ್ಯಂಗ
ಚಿಕ್ಕಮಗಳೂರು ಸೀಮೆಯ ಕೆಲವು ಕಾಫಿ ತೋಟಗಳಲ್ಲಿ ಈಗ ಅತಿಥಿಗಳಿಗೆ ತೋಟವನ್ನು ತೋರಿಸಿ, ಬಳಿಕ ಮೈಗೆ ತೈಲವನ್ನು ತೀಡಿ ಬಿಸಿನೀರೆರೆಯುವ ಏರ್ಪಾಡುಂಟು. ಕಳೆದ ಪುಷ್ಯಮಾಸದಲ್ಲಿ ನಾವೂ ಹೋಗಿದ್ದೆವು. ಅದು ಹಣ್ಣು ಬಿಡಿಸುವ ಕಾಲ. ಒಂದೇ ಗೊಂಚಲಿನಲ್ಲಿ ಕೆಂಪಡರಿದುದನ್ನು ಮಾತ್ರ ಬಿಡಿಸಿ ಹಸುರುಗಾಯನ್ನು ಉಳಿಸಬೇಕಾದುದರಿಂದ, ಹೆಣ್ಣಾಳುಗಳು ಅದೇ ಗಿಡಕ್ಕೆ ಮತ್ತೆ ಮತ್ತೆ ಮರಳುತ್ತಾರೆ. ಇಳಿಜಾರಿನಲ್ಲಿ ದಿನವೆಲ್ಲ ನಿಂತೇ ಕೆಲಸ. ನಾವಾದರೋ ನೆರಳಿನಲ್ಲಿ ಒಂದು ಗಳಿಗೆ ಅಡ್ಡಾಡಿ ಹಲಗೆಯ ಮೇಲೆ ಮಲಗಿದೆವು. (ಅಜೀರ್ಣವುಳ್ಳವರಿಗೆ ಅಭ್ಯಂಗವು ಸಲ್ಲದು, ತೋಟದ ಮನೆಯ ಕಡುಬನ್ನು ವಾಚಕರು ಮಿತವಾಗಿ ಸೇವಿಸತಕ್ಕದ್ದು.) ತಲೆ, ಕಿವಿ, ಅಂಗಾಲುಗಳಿಗೆ ವಿಶೇಷವಾಗಿ ಎಣ್ಣೆಯನ್ನು ಒತ್ತಬೇಕೆಂದು ವಾಗ್ಭಟನ ಮತ, ಹಾಗೆಯೇ ಒತ್ತಿದರು. ಸುಖವಾಯಿತು, ಸಂದೇಹವಿಲ್ಲ. ಆದರೆ ಅಭ್ಯಂಗದ ಫಲಗಳಲ್ಲಿ ಆತನು ಎಣಿಸಿರುವುದು ಶ್ರಮಪರಿಹಾರವನ್ನು. ನಮಗೆ ಶ್ರಮವೆಲ್ಲಿತ್ತು? ಹಣ್ಣು ಬಿಡಿಸುವವರ ಅಂಗಾಲಿಗೂ ಎಣ್ಣೆಯುಂಟೇ ಎಂದು ಯಜಮಾನರನ್ನು ಕೇಳಿದೆವು. ಅವರು ನಕ್ಕು, “ಅವರ ಎಣ್ಣೆನೀರು ಅವರವರ ಮನೆಯಲ್ಲೇ ಆಗುತ್ತದೆ, ಮೇಷ್ಟ್ರೇ” ಎಂದರು.